ಮೇಲೆ ಯಾರೂ ಅವ್ವನನ್ನು ಕರೆಯಲಿಲ್ಲ

ನನ್ನ ಅವ್ವ ನನ್ನ ಅಪ್ಪನ ಹೆಂಡತಿ ಹೌದೋ ಅಲ್ಲವೋ ಎಂಬ ಪ್ರಶ್ನೆ ಈ ದೇಶದ ನಾಲ್ಕು ಕೋರ್ಟುಗಳ ಮುಂದೆ ಹೋಗಿ ಬಂದಿದೆ. ಮೊದಲನೆಯದು ಹೌದು ಎಂದಿತು, ಎರಡನೆಯದು ಅಲ್ಲ ಎಂದಿತು. ಮೂರನೆಯದು ಅದನ್ನು ಮತ್ತೆ ನೋಡುವುದು ತನ್ನ ಕೆಲಸವಲ್ಲ ಎಂದಿತು. ನಾಲ್ಕನೆಯದು ಏನು ಹೇಳಿತೆಂದು ನನಗೆ ಸರಿಯಾಗಿ ಕೇಳಿಸಲೂ ಇಲ್ಲ.

ಅವ್ವನ ತವರು ಚಂದ್ರಗುತ್ತಿ ಗುಡ್ಡದ ಕೆಳಗಿನ ಒಂದು ಹಳ್ಳಿ. ತೀರಾ ಚಿಕ್ಕ ವಯಸ್ಸಿಗೆ ಅವಳಿಗೆ ಮದುವೆ ಮಾಡಿದ್ದರು. ವರ್ಷ ತುಂಬುವುದರೊಳಗೆ ಆ ಹುಡುಗ ಹಾವು ಕಚ್ಚಿ ತೀರಿಕೊಂಡ. ಅವ್ವ ತವರಿಗೆ ಮರಳಿ ಅಣ್ಣಂದಿರ ಕುರಿ ಕಾಯುತ್ತಿದ್ದಳು. ಅಪ್ಪ ಶಿಕಾರಿಪುರದ ಕಡೆಯವನು. ಭತ್ತದ ಕೊಯ್ಲು ಮುಗಿದ ಮೇಲೆ ಗೊಬ್ಬರಕ್ಕೆಂದು ಗದ್ದೆಗಳಲ್ಲಿ ರಾತ್ರಿ ಕುರಿ ತರುಬಲು ಮಂದೆ ಹೊಡೆದುಕೊಂಡು ಸೊರಬದ ಕಡೆ ಬರುತ್ತಿದ್ದ. ಅಲ್ಲೇ ಅವರಿಬ್ಬರ ಪರಿಚಯವಾದದ್ದು. ಮುಂದಿನ ವರ್ಷ ಅಪ್ಪ ಬಂದಾಗ ಮಂದೆಯ ಜೊತೆ ತನ್ನ ಸೋದರಮಾವನನ್ನೂ ಕರೆತಂದು ಹೆಣ್ಣು ಕೇಳಿಸಿದನಂತೆ.

ನಮ್ಮಲ್ಲಿ ಗಂಡ ಸತ್ತವಳು ಮತ್ತೆ ಸಂಸಾರ ಕಟ್ಟಿಕೊಳ್ಳಬಹುದು. ಆದರೆ ಅದನ್ನು ಮದುವೆ ಎನ್ನುವುದಿಲ್ಲ, ಉಡಿಕೆ ಎನ್ನುತ್ತಾರೆ. ಅದಕ್ಕೆ ಹಂದರವಿಲ್ಲ, ಓಲಗವಿಲ್ಲ, ಅಕ್ಷತೆಯಿಲ್ಲ. ಕತ್ತಲಾದ ಮೇಲೆ ಗಂಡಿನ ಕಡೆಯ ಹಿರಿಯನೊಬ್ಬ ಹೊಸ ಸೀರೆ ಕೊಡುತ್ತಾನೆ. ಅವಳು ಉಟ್ಟುಕೊಂಡರೆ ಆಯಿತು, ಅವತ್ತಿನಿಂದ ಆ ಮನೆಯ ಸೊಸೆ. ಮುತ್ತೈದೆಯರು ಅದನ್ನು ಕಣ್ಣಿಂದ ನೋಡಬಾರದು. ಕೇರಿಯ ಹೆಂಗಸರೆಲ್ಲ ಕದ ಹಾಕಿಕೊಂಡು ಒಳಗಿರುತ್ತಾರೆ. ಬೆಳಗಾದ ಮೇಲೆ ಮಾತ್ರ ಹೊಸಬಳನ್ನು ಮಾತಾಡಿಸುತ್ತಾರೆ. ಅವ್ವ ಹೀಗೆ ನಮ್ಮ ಮನೆಗೆ ಬಂದವಳು. ಬಂದು ಅಜ್ಜಿಯ ಬಾಣಂತನದಿಂದ ಹಿಡಿದು ಅಜ್ಜನ ಹೆಣ ತೊಳೆಯುವವರೆಗೆ ಎಲ್ಲವನ್ನೂ ಮಾಡಿದಳು. ಅಜ್ಜಿಯ ಕೊನೆಯ ಮಗ, ನನ್ನ ಚಿಕ್ಕಪ್ಪ, ಅವ್ವ ತಟ್ಟಿದ ರೊಟ್ಟಿ ತಿಂದೇ ಬೆಳೆದ.

ಅಪ್ಪ ತೀರಿಕೊಂಡ ಮೇಲೆ ಪಹಣಿಯಲ್ಲಿ ಅವನ ಭಾಗದ ಹೊಲವನ್ನು ಅವ್ವನ ಹೆಸರಿಗೂ ನನ್ನ ಹೆಸರಿಗೂ ಮಾಡಿಕೊಡಿ ಎಂದು ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟೆ. ನಾನೊಬ್ಬಳೇ ಮಗಳು. ಸೊರಬದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ, ಮದುವೆಯಾಗಿಲ್ಲ. ಹೊಲ ನನಗೆ ಬೇಕಾಗಿರಲಿಲ್ಲ. ಅವ್ವನಿಗೆ ಬೇಕಾಗಿತ್ತು. ಅಂಬ್ಲಿಗೊಳದ ನಾಲೆ ನೀರು ಹಾಯುವ ಹೊಲ ಅದು. ಅಪ್ಪನೂ ಅವ್ವನೂ ಸೇರಿ ಕಲ್ಲು ಆರಿಸಿ ಹದ ಮಾಡಿದ್ದರು. ಅರ್ಜಿಗೆ ಚಿಕ್ಕಪ್ಪ ತಕರಾರು ಹಾಕಿದ. ಅಣ್ಣನಿಗೆ ಮದುವೆಯೇ ಆಗಿರಲಿಲ್ಲ, ಈ ಹೆಂಗಸು ಅವನ ಜೊತೆ ಇದ್ದವಳಷ್ಟೆ ಎಂದು ಬರೆದುಕೊಟ್ಟಿದ್ದ.

ನೋಟೀಸು ಹಿಡಿದುಕೊಂಡೇ ಊರಿಗೆ ಹೋದೆ. ಚಿಕ್ಕಪ್ಪ ಕಣದಲ್ಲಿ ಮೆಕ್ಕೆಜೋಳ ಹರವುತ್ತಿದ್ದ. ತಲೆ ಎತ್ತಲಿಲ್ಲ.

"ನಿಮ್ಮವ್ವಂಗೆ ಊಟ ಬಟ್ಟೆಗೆ ನಾನೇನು ಕಮ್ಮಿ ಮಾಡಲ್ಲವ್ವ" ಎಂದ. "ಹೊಲ ಮಾತ್ರ ನಮ್ಮ ಮನೆತನದ್ದು."

"ನಮ್ಮವ್ವ ಯಾವ ಮನೆತನದೋಳು ಚಿಕ್ಕಪ್ಪ?"

"ಅದನ್ನ ನನ್ನ ಬಾಯಾಗ ಹೇಳಿಸಬ್ಯಾಡ" ಎಂದು ಜೋಳ ಹರವುವ ಹಲುವೆ ಎಳೆಯತೊಡಗಿದ.

ಹೇಳಬೇಕಾದದ್ದನ್ನು ಅವನು ಆಗಲೇ ಬರೆದುಕೊಟ್ಟಿದ್ದ. ಬಾಯಲ್ಲಿ ಹೇಳುವ ಧೈರ್ಯ ಇರಲಿಲ್ಲ ಅಷ್ಟೆ. ಅವನ ಇಬ್ಬರು ಗಂಡುಮಕ್ಕಳು ದೊಡ್ಡವರಾಗಿದ್ದರು. ನೀರಾವರಿ ಹೊಲ ಪಾಲಾದರೆ ಒಬ್ಬನಿಗೆ ಒಣ ಹೊಲ ಬರುತ್ತಿತ್ತು. ಇದರಲ್ಲಿ ಬೇರೆ ರಹಸ್ಯವೇನೂ ಇರಲಿಲ್ಲ.

ತಾಲ್ಲೂಕು ಕಚೇರಿಯಲ್ಲಿ ಸಾಹೇಬರು ಎರಡೂ ಕಡೆಯ ಕಾಗದ ನೋಡಿ ಪಕ್ಕಕ್ಕಿಟ್ಟರು. "ಮದುವೆ ಆಗೈತೋ ಇಲ್ಲೋ ಅನ್ನೋದನ್ನ ನಾನು ತೀರ್ಮಾನ ಮಾಡಕ್ಕಾಗಲ್ಲರೀ. ಸಿವಿಲ್ ಕೋರ್ಟಿಗೆ ಹೋಗ್ರಿ" ಎಂದರು.

ಶಿಕಾರಿಪುರದಲ್ಲಿ ನಮಗೆ ಸಿಕ್ಕ ವಕೀಲರು ವಯಸ್ಸಾದವರು, ಮೆತ್ತಗಿನ ಮಾತಿನವರು. ಮೊದಲ ದಿನವೇ ಅವರು ನಮಗೆ ಎಲ್ಲ ಬಿಡಿಸಿ ಹೇಳಿದರು. "ನೋಡ್ರಮ್ಮ, ಸಾಕ್ಷಿ ಹೇಳೋದು ಈ ಕೆಳಗಿನ ಕೋರ್ಟಲ್ಲಿ ಮಾತ್ರ. ಇಲ್ಲಿ ಸೋತೋರು ಮೇಲಿನ ಕೋರ್ಟಿಗೆ ಅಪೀಲು ಹೋಗಬಹುದು. ಅಲ್ಲಿಂದ ಹೈಕೋರ್ಟು, ಅಲ್ಲಿಂದ ಸುಪ್ರೀಂ ಕೋರ್ಟು. ಆದರೆ ಮನುಷ್ಯರನ್ನ ನಿಲ್ಲಿಸಿ ಕೇಳೋದು ಇಲ್ಲೊಂದೇ ಕಡೆ. ಮೇಲಕ್ಕೆ ಹೋಗೋದು ಕಾಗದ."

ನನಗೆ ಇದು ಹೊಸತಾಗಿರಲಿಲ್ಲ, ಅಥವಾ ಹಾಗೆಂದು ನಾನು ಅಂದುಕೊಂಡಿದ್ದೆ. ನ್ಯಾಯಾಂಗದ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ತ್ರಿಕೋನ ಬರೆಯುತ್ತಿದ್ದೆ. ತಳದಲ್ಲಿ ಅಗಲವಾಗಿ ತಾಲ್ಲೂಕು, ಜಿಲ್ಲೆಯ ನ್ಯಾಯಾಲಯಗಳು, ನಡುವೆ ಉಚ್ಚ ನ್ಯಾಯಾಲಯ, ತುದಿಯಲ್ಲಿ ಸರ್ವೋಚ್ಚ ನ್ಯಾಯಾಲಯ. ಕೆಳಗೆ ನ್ಯಾಯ ಸಿಗದಿದ್ದರೆ ಮೇಲೆ ಸಿಗುತ್ತದೆ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಪರೀಕ್ಷೆಯಲ್ಲಿ ಹಾಗೆ ಬರೆದವರಿಗೆ ಅಂಕವನ್ನೂ ಕೊಟ್ಟಿದ್ದೇನೆ.

ದಾವೆ ಹೂಡಿದ ಮೇಲೆ ಅವ್ವನ ಸರದಿ ಬರುವುದಕ್ಕೆ ವರ್ಷಗಳು ಹಿಡಿದವು. ಸೊರಬದಿಂದ ನಾನು, ಊರಿಂದ ಅವಳು, ಇಬ್ಬರೂ ಕೋರ್ಟಿನ ಆವರಣದ ಬೇವಿನ ಮರದ ಕೆಳಗೆ ಸೇರುತ್ತಿದ್ದೆವು. ದಿನಾಂಕ ಮುಂದಕ್ಕೆ ಹೋಯಿತೆಂದು ತಿಳಿದು ಮತ್ತೆ ಎರಡು ಬಸ್ಸು ಹತ್ತುತ್ತಿದ್ದೆವು. ಕೊನೆಗೊಂದು ದಿನ ಅವಳ ಹೆಸರನ್ನು ಕೂಗಿದರು. ಜಡ್ಜು ಹೆಂಗಸು, ನನಗಿಂತ ಚಿಕ್ಕವರು. ಅವ್ವ ಕಟಕಟೆ ಹತ್ತಿ ಸೆರಗು ಹೊದ್ದು ನಿಂತಳು. ನಮ್ಮ ವಕೀಲರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಆಮೇಲೆ ಚಿಕ್ಕಪ್ಪನ ವಕೀಲರು ಪಾಟೀಸವಾಲಿಗೆ ಎದ್ದರು.

"ನಿಮ್ಮ ಮದುವೆಗೆ ಯಾವ ಯಾವ ಹೆಂಗಸರು ಬಂದಿದ್ರು?"

"ಉಡಿಕೆಗೆ ಹೆಂಗಸ್ರು ಬರಲ್ಲ ಸ್ವಾಮಿ."

"ಅಂದ್ರೆ ಯಾರೂ ನೋಡಿಲ್ಲ."

"ನೋಡಬಾರದು ಅಂತಾನೆ ನೋಡಿಲ್ಲ."

ಪಕ್ಕದಲ್ಲಿ ಟೈಪು ಮಾಡುತ್ತಿದ್ದವರು ಬರೆದುಕೊಂಡದ್ದು ಹೀಗೆ: ನನ್ನ ಮದುವೆಯನ್ನು ಯಾವ ಹೆಂಗಸರೂ ನೋಡಿಲ್ಲ ಎಂದರೆ ಸರಿ. ಕೋರ್ಟಿನ ಕನ್ನಡ ಇದು. ಅವ್ವ ಏನೇ ಹೇಳಿದರೂ ಅದರ ಕೊನೆಗೆ "ಎಂದರೆ ಸರಿ" ಅಥವಾ "ಎಂದರೆ ಸರಿಯಲ್ಲ" ಎಂದು ಸೇರುತ್ತಿತ್ತು.

"ಎಲ್ಲಿ ಆಯ್ತು?"

"ನಮ್ಮೂರ ಚೌಡಮ್ಮನ ಗುಡಿ ಮುಂದೆ."

"ಬೇರೆ ಎಲ್ಲೂ ಅಲ್ಲ?"

"ಇನ್ನೆಲ್ಲಿ ಸ್ವಾಮಿ? ದೇವರ ಮುಂದೇನೆ."

ಅವರು ತಲೆಯಾಡಿಸಿದರು. ಆಮೇಲೆ ನಾನು ಕಾಯುತ್ತಿದ್ದ, ಹೆದರುತ್ತಿದ್ದ ಪ್ರಶ್ನೆ ಬಂತು. "ಮೃತರು ನಿಮ್ಮನ್ನ ಮದುವೆ ಆಗಿರಲಿಲ್ಲ, ಸುಮ್ಮನೆ ಇಟ್ಟುಕೊಂಡಿದ್ರು ಅಂದ್ರೆ ಸರಿನಾ?"

ಅವ್ವ ಒಂದು ಗಳಿಗೆ ಅವರನ್ನೇ ನೋಡಿದಳು. "ಅವ್ರು ಇಟ್ಕಂಡಿದ್ದು ಕುರಿನ" ಎಂದಳು. "ನನ್ನ ಉಡಿಕೆ ಮಾಡ್ಕಂಡಿದ್ರು."

ಅಲ್ಲಿಯವರೆಗೆ ಬರೆದುಕೊಳ್ಳುತ್ತಿದ್ದ ಜಡ್ಜು ಪೆನ್ನು ಎತ್ತಿ ಅವ್ವನ ಮುಖ ನೋಡಿದರು. ವಕೀಲರ ಕಡೆ ತಿರುಗಿ, "ಪದ ನೋಡಿ ಬಳಸಿ" ಎಂದರು. ಅವತ್ತು ಅವ್ವ ಕಟಕಟೆಯಿಂದ ಇಳಿದು ಬರುವಾಗ ನನಗೆ ಅವಳ ಬಗ್ಗೆ ಆದ ಹೆಮ್ಮೆಯನ್ನು ಹೇಳಿಕೊಳ್ಳಲು ಈಗಲೂ ಬರುವುದಿಲ್ಲ. ಟೈಪಾದ ಹಾಳೆಯಲ್ಲಿ ಮಾತ್ರ, ಮೃತರು ನನ್ನನ್ನು ಇಟ್ಟುಕೊಂಡಿದ್ದರು ಎಂದರೆ ಸರಿಯಲ್ಲ, ಎಂದಷ್ಟೇ ಇತ್ತು.

ನಮ್ಮ ಇನ್ನೊಂದು ಸಾಕ್ಷಿ ಅಪ್ಪನ ಸೋದರಮಾವ. ಅವ್ವನಿಗೆ ಉಡಿಕೆಯ ಸೀರೆ ಕೊಟ್ಟ ಹಿರಿಯ ಅವನೇ. ಕಿವಿ ಮಂದವಾಗಿತ್ತು, ಕೋಲೂರಿ ಬಂದ. ಉಡಿಕೆ ಎಲ್ಲಿ ಆಯಿತೆಂದು ಅವನನ್ನೂ ಕೇಳಿದರು.

"ಮನೆ ಹಿತ್ತಲಾಗೆ. ನಾನೇ ನನ್ನ ಕೈಯಾರೆ ಸೀರೆ ಕೊಟ್ಟೀನಿ."

"ಚೌಡಮ್ಮನ ಗುಡಿ ಮುಂದೆ ಏನಾದ್ರೂ ಆಯ್ತಾ?"

"ಗುಡಿ ಕಡೆ ನಾನು ಹೋಗಿಲ್ಲಪ್ಪ."

ಚಿಕ್ಕಪ್ಪನ ವಕೀಲರು ಅಷ್ಟಕ್ಕೇ ಕುಳಿತರು. ಹೊರಗೆ ಬಂದ ಮೇಲೆ ಅವ್ವ ನಮ್ಮ ವಕೀಲರ ಕೋಟು ಹಿಡಿಯುವಷ್ಟು ಹತ್ತಿರ ಹೋಗಿ ಹೇಳಿದಳು: "ಎರಡೂ ನಿಜ ಐತ್ರೀ. ಹಿತ್ತಲಾಗೆ ಮಾವ ಸೀರೆ ಕೊಟ್ಟ, ಉಟ್ಕಂಡೆ. ಆಮೇಲೆ ನಾವಿಬ್ರೇ ಗುಡಿ ತಂಕ ಹೋದ್ವಿ. ಅಲ್ಲಿ ಅವ್ರು ತಾಳಿ ಕಟ್ಟಿದ್ರು. ಮಾವಂಗೆ ಸೀರೆನೇ ಮದ್ವೆ, ನಂಗೆ ತಾಳಿನೇ ಮದ್ವೆ. ಇದನ್ನ ಯಾರೂ ಕೇಳ್ಳೇ ಇಲ್ಲ. ಮತ್ತೊಂದ್ ಸಲ ನನ್ನ ಕರೀರಿ, ಹೇಳ್ತೀನಿ."

"ಬಿಡಿ ಅಮ್ಮ, ಮೇಡಂಗೆ ಅರ್ಥ ಆಗಿರುತ್ತೆ" ಎಂದರು ವಕೀಲರು.

ಮೇಡಮ್ಮಿಗೆ ಅರ್ಥವಾಗಿತ್ತು. ಅವರ ತೀರ್ಪು ಕನ್ನಡದಲ್ಲೇ ಇತ್ತು. ಉಡಿಕೆಯಲ್ಲಿ ಹೆಂಗಸರ ಸಾಕ್ಷಿ ಕೇಳುವುದೇ ಆ ಪದ್ಧತಿಗೆ ವಿರುದ್ಧ ಎಂದು ಬರೆದಿದ್ದರು. ಒಬ್ಬರು ಹಿತ್ತಲೆಂದೂ ಒಬ್ಬರು ಗುಡಿಯೆಂದೂ ಹೇಳಿದ್ದು ದೊಡ್ಡ ವ್ಯತ್ಯಾಸವಲ್ಲ, ಇಷ್ಟು ಕಾಲ ಗಂಡ ಹೆಂಡತಿಯಾಗಿ ಬಾಳಿದ್ದನ್ನು ಊರೇ ಕಂಡಿದೆ ಎಂದಿದ್ದರು. ಒಂದನೇ ವಾದಿಯನ್ನು ತಾವು ಕಟಕಟೆಯಲ್ಲಿ ಕಣ್ಣಾರೆ ಗಮನಿಸಿದ್ದು, ಆಕೆಯ ಮಾತು ನಂಬಲು ಯೋಗ್ಯವಾಗಿದೆ ಎಂದೂ ಇತ್ತು. ಒಂದನೇ ವಾದಿ ಎಂದರೆ ಅವ್ವ, ಎರಡನೇ ವಾದಿ ನಾನು. ಬೇವಿನ ಮರದ ಕೆಳಗೆ ನಿಂತು ಅವ್ವನಿಗೆ ಅದನ್ನು ಓದಿ ಹೇಳಿದೆ. "ಧರ್ಮಪತ್ನಿ" ಎಂದು ಬಂದ ಕಡೆ ನಿಲ್ಲಿಸಿ, "ಅಲ್ಲಿ ಮತ್ತೊಂದ್ ಸಲ ಓದು" ಎಂದಳು. ಓದಿದೆ.

ಚಿಕ್ಕಪ್ಪ ಅಪೀಲು ಹಾಕಿದ.

ಅಪೀಲು ಕೇಳುವ ಕೋರ್ಟು ಅದೇ ಆವರಣದ ಇನ್ನೊಂದು ಕಟ್ಟಡದಲ್ಲಿತ್ತು. ಅದೇ ಗೇಟು, ಅದೇ ಬೇವಿನ ಮರ, ಬಲಕ್ಕೆ ತಿರುಗುವ ಬದಲು ಎಡಕ್ಕೆ ತಿರುಗಬೇಕಿತ್ತು ಅಷ್ಟೆ. ಗೆದ್ದ ಮೇಲೆ ಮತ್ತೇಕೆ ಬರಬೇಕು ಎಂಬುದು ಅವ್ವನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. "ಆ ಹುಡುಗಿ ಹೇಳಿ ಆಯ್ತಲ್ಲ" ಎನ್ನುತ್ತಿದ್ದಳು. ಆದರೂ ಪ್ರತಿ ಸಲ ಬಂದಳು. ಬರುವಾಗ ಸಾಕ್ಷಿ ಹೇಳಿದ ದಿನ ಉಟ್ಟಿದ್ದ ಅದೇ ಸೀರೆ ಉಟ್ಟು ಬರುತ್ತಿದ್ದಳು. ಇವತ್ತು ಕರೆಯಬಹುದು, ಹಿತ್ತಲು ಮತ್ತು ಗುಡಿಯ ವಿಷಯ ಸರಿಯಾಗಿ ಹೇಳಿಬಿಡಬೇಕು ಎಂಬುದೊಂದೇ ಅವಳ ತಲೆಯಲ್ಲಿತ್ತು. ಬಸ್ಸಿನಲ್ಲಿ ನನ್ನ ಪಕ್ಕ ಕೂತು ತುಟಿ ಅಲ್ಲಾಡಿಸುತ್ತಿದ್ದಳು. ಹೇಳಬೇಕಾದದ್ದನ್ನು ಜೋಡಿಸಿಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತಿತ್ತು.

"ಇಲ್ಲಿ ಸಾಕ್ಷಿ ಇಲ್ಲಮ್ಮ, ವಾದ ಮಾತ್ರ" ಎಂದು ವಕೀಲರು ಹೇಳಿದರು. ನಾನು ಬಿಡಲಿಲ್ಲ. ಅವ್ವನನ್ನು ಇನ್ನೊಮ್ಮೆ ಕೇಳಬೇಕೆಂದು ಅರ್ಜಿ ಹಾಕಿಸಿದೆ. ಅಪೀಲಿನಲ್ಲಿ ಹೊಸದಾಗಿ ಸಾಕ್ಷಿ ತೆಗೆದುಕೊಳ್ಳಲು ಬಲವಾದ ಕಾರಣ ಬೇಕು. ಕೆಳಗಿನ ಕೋರ್ಟಿನಲ್ಲೇ ಹೇಳಬಹುದಾಗಿದ್ದ ಮಾತನ್ನು ಇಲ್ಲಿ ಹೇಳುವಂತಿಲ್ಲ ಎಂದು ಅರ್ಜಿ ವಜಾ ಆಯಿತು. ಅಷ್ಟರಲ್ಲಿ ಸೀರೆ ಕೊಟ್ಟ ಆ ಮುದುಕನೂ ತೀರಿಕೊಂಡಿದ್ದ. ಇನ್ನು ಅವನ ಮಾತೆಂದರೆ ಟೈಪಾದ ಆ ಹಾಳೆ ಮಾತ್ರ. ಗುಡಿ ಕಡೆ ನಾನು ಹೋಗಿಲ್ಲ.

ಅಪೀಲಿನ ತೀರ್ಪು ನಮ್ಮ ವಿರುದ್ಧ ಬಂತು. ಉಡಿಕೆ ಆಯಿತೆಂದು ವಾದಿಗಳೇ ಹೇಳಿಕೊಂಡ ಮೇಲೆ ಅದನ್ನು ರುಜುವಾತು ಮಾಡುವ ಹೊರೆ ಅವರದೇ. ನಡೆದ ಸ್ಥಳದ ಬಗ್ಗೆಯೇ ಇಬ್ಬರು ಸಾಕ್ಷಿಗಳು ಒಬ್ಬರಿಗೊಬ್ಬರು ವಿರುದ್ಧ ಹೇಳಿದ್ದಾರೆ. ಕಣ್ಣಾರೆ ಕಂಡ ಹೆಂಗಸರು ಯಾರೂ ಇಲ್ಲವೆಂದು ವಾದಿಯೇ ಒಪ್ಪಿಕೊಂಡಿದ್ದಾರೆ. ಜೊತೆಗೆ ಬಾಳಿದ ಮಾತ್ರಕ್ಕೆ ಮದುವೆ ಎಂದಾಗುವುದಿಲ್ಲ. ಒಂದೊಂದು ವಾಕ್ಯವೂ ಕಾಗದದಲ್ಲಿದ್ದದ್ದೇ. ಸುಳ್ಳು ಎಂದು ನಾನು ಬೆರಳಿಟ್ಟು ತೋರಿಸಬಹುದಾದ ಒಂದು ಸಾಲೂ ಅದರಲ್ಲಿರಲಿಲ್ಲ. ನನಗೆ ಹೆಚ್ಚು ಸಿಟ್ಟು ತಂದದ್ದು ಇದೇ. ಬರೆದವರು ಕೆಟ್ಟವರಲ್ಲ, ಕೈಯೊಡ್ಡಿದವರಲ್ಲ. ಅವ್ವನನ್ನು ಕಟಕಟೆಯಲ್ಲಿ ನೋಡಿರಲಿಲ್ಲ, ಅಷ್ಟೆ.

ನನ್ನ ಬಗ್ಗೆಯೂ ಒಂದು ಸಾಲಿತ್ತು. ಎರಡನೇ ವಾದಿ ಮೃತರ ಮಗಳೆಂಬುದರಲ್ಲಿ ವಿವಾದವಿಲ್ಲ, ಆದರೆ ವಿವಾಹ ರುಜುವಾತಾಗದ ಕಾರಣ ಆಕೆ ಅನೌರಸ ಸಂತಾನ, ಹೊಲದಲ್ಲಿ ಆಕೆಗೂ ಪಾಲಿಲ್ಲ. ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ವಯಸ್ಸಿನಲ್ಲಿ ನನಗೆ ನನ್ನ ಬಗ್ಗೆಯೇ ಒಂದು ಹೊಸ ಪದ ಸಿಕ್ಕಿತು. ಆ ಸಾಲನ್ನು ಅವ್ವನಿಗೆ ಓದಿ ಹೇಳಲಿಲ್ಲ. ಉಳಿದದ್ದನ್ನು ಹೇಳಿದೆ.

"ಹಂಗಾರೆ ಆ ಹುಡುಗಿ ಬರೆದಿದ್ದು ಸುಳ್ಳಾ?"

"ಸುಳ್ಳಲ್ಲವ್ವ. ಇವರು ಅವರಿಗಿಂತ ಮೇಲಿನವರು. ಇವರು ಹೇಳಿದ ಮೇಲೆ ಅದು ನಿಲ್ಲಲ್ಲ."

"ಮೇಲಿನೋರು ಅಂದ್ರೆ? ನಾನು ಮಾತಾಡಿದಾಗ ಇವ್ರು ಅಲ್ಲಿದ್ರಾ?"

ಈ ಪ್ರಶ್ನೆಗೆ ಉತ್ತರ ಪಠ್ಯಪುಸ್ತಕದಲ್ಲಿ ಇಲ್ಲ. ಕೆಳಗಿನವರು ತಪ್ಪು ಮಾಡಬಹುದು, ಅದನ್ನು ತಿದ್ದಲು ಮೇಲೊಬ್ಬರು ಬೇಕು ಎಂಬುದು ಸರಿಯೇ. ಕೆಳಗಿನವರು ಸರಿ ಮಾಡಿದ್ದನ್ನು ಮೇಲಿನವರು ಕೆಡಿಸಿದರೆ ಏನೆಂದು ಕೇಳಿದರೆ, ಅದಕ್ಕೂ ಮೇಲೊಬ್ಬರಿದ್ದಾರೆ ಎನ್ನಬೇಕು. ನಾನೂ ಹಾಗೆಯೇ ಅಂದೆ. "ಹೈಕೋರ್ಟಿಗೆ ಹೋಗೋಣ."

ಆ ತೀರ್ಪಿನ ನಂತರ ಅವ್ವನನ್ನು ಸೊರಬಕ್ಕೆ ಕರೆತಂದೆ. ಊರಲ್ಲಿ ಅವಳನ್ನು ಮನೆಯಿಂದ ಹೊರಹಾಕಿದ್ದರು ಎಂದಲ್ಲ. ಚಿಕ್ಕಪ್ಪ ಏನೂ ಅನ್ನಲಿಲ್ಲ. ಆದರೆ ಉಡಿಕೆಯವಳೆಂದು ಮೊದಲಿಂದಲೂ ಅರಿಸಿನ ಕುಂಕುಮಕ್ಕೆ ಕರೆಯದಿದ್ದ ಕೇರಿಯ ಹೆಂಗಸರು ಈಗ ನಾಮಕರಣಕ್ಕೂ ಕರೆಯದಾದರು. ಅವ್ವ ನೀರಿಗೆ ಹೋದಾಗ ನಲ್ಲಿಯ ಹತ್ತಿರ ಮಾತು ನಿಲ್ಲುತ್ತಿತ್ತಂತೆ. ಕೋರ್ಟಿನ ತೀರ್ಪನ್ನು ಅಲ್ಲಿ ಯಾರೂ ಓದಿರಲಿಲ್ಲ. ಓದಬೇಕಾಗಿಯೂ ಇರಲಿಲ್ಲ.

ಬೆಂಗಳೂರಿನಲ್ಲಿ ನಮಗೆ ಬೇರೆ ವಕೀಲರು, ಚುರುಕಾದವರು. ಎರಡನೇ ಅಪೀಲಿನಲ್ಲಿ ಉಡಿಕೆ ಆಯಿತೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ, ಕಾನೂನಿನ ದೊಡ್ಡ ಪ್ರಶ್ನೆ ಇದ್ದರೆ ಮಾತ್ರ ಕೇಳುತ್ತಾರೆ ಎಂದು ಅವರು ವಿವರಿಸಿದರು. ದೀರ್ಘಕಾಲ ಒಟ್ಟಿಗೆ ಬಾಳಿದವರನ್ನು ಗಂಡ ಹೆಂಡತಿ ಎಂದೇ ಭಾವಿಸಬೇಕು ಎಂಬ ತತ್ವವನ್ನು ಹಿಡಿದು ವಾದ ಮಾಡುತ್ತೇನೆ ಎಂದರು. ನಡೆದದ್ದು ಏನೆಂಬುದು ಶಿಕಾರಿಪುರದ ಆ ಎಡಗಡೆಯ ಕಟ್ಟಡದಲ್ಲಿ ಕೊನೆಯಾಗಿ ತೀರ್ಮಾನವಾಗಿಬಿಟ್ಟಿತ್ತು. ಇನ್ನು ಮೇಲೆ ಅದೇ ಸತ್ಯ. ಅದರ ಮೇಲೆ ಕಾನೂನು ಸರಿಯಾಗಿ ಕೂತಿದೆಯೋ ಎಂದಷ್ಟೇ ಪರೀಕ್ಷೆ.

ಬರುವುದು ಬೇಡ ಎಂದರೂ ಅವ್ವ ಕೇಳಲಿಲ್ಲ. ಬಸ್ಸಿನಲ್ಲಿ ಶಿವಮೊಗ್ಗಕ್ಕೆ, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಆ ಕೆಂಪು ಕಟ್ಟಡದೊಳಗೆ ಅವಳ ಚಪ್ಪಲಿ ಜಾರುತ್ತಿತ್ತು. ಕೈ ಹಿಡಿದುಕೊಂಡು ನಡೆಸಿದೆ. ಕೋರ್ಟು ಹಾಲಿನ ಹಿಂದಿನ ಸಾಲಿನಲ್ಲಿ ಕೂತೆವು. ಮುಂದೆ ಕರಿಕೋಟುಗಳ ಬೆನ್ನುಗಳು ಮಾತ್ರ ಕಾಣುತ್ತಿದ್ದವು. ಮಾತೆಲ್ಲ ಇಂಗ್ಲಿಷಿನಲ್ಲಿ. ಮಧ್ಯಾಹ್ನದ ಊಟದ ಹೊತ್ತು ಹತ್ತಿರವಾದಾಗ ನಮ್ಮ ಸಂಖ್ಯೆ ಕೂಗಿದರು. ನಮ್ಮ ವಕೀಲರು ಮುಂದೆ ಹೋಗಿ ಮಾತಾಡತೊಡಗಿದರು.

"ನಮ್ದಾ?" ಎಂದಳು ಅವ್ವ.

"ಹೂಂ."

ಅವ್ವ ಎದ್ದು ನಿಂತಳು. ನಾನು ಸೆರಗು ಎಳೆಯುವಷ್ಟರಲ್ಲಿ ಕೈ ಮುಗಿದುಬಿಟ್ಟಿದ್ದಳು. ಎತ್ತರದಲ್ಲಿ ಕೂತಿದ್ದ ಜಡ್ಜು ಕಡತ ನೋಡುತ್ತಿದ್ದರು, ಇವಳನ್ನು ಕಾಣಲಿಲ್ಲ. ಪಕ್ಕದಲ್ಲಿ ನಿಂತಿದ್ದ ಸಿಬ್ಬಂದಿಯೊಬ್ಬರು ಕೂರುವಂತೆ ಕೈ ಸನ್ನೆ ಮಾಡಿದರು. ಅವ್ವ ಅದನ್ನು ಮುಂದೆ ಬಾ ಎಂದು ತಿಳಿದುಕೊಂಡು ಹೆಜ್ಜೆ ಇಟ್ಟಳು. ಅವರು ಬಂದು ಮೆಲ್ಲಗೆ, "ಅಮ್ಮಾ, ಕೂತ್ಕೊಳ್ಳಿ, ಇಲ್ಲಿ ನೀವು ಮಾತಾಡೋ ಹಾಗಿಲ್ಲ" ಎಂದರು. ಒರಟಾಗಿ ಹೇಳಲಿಲ್ಲ. ಒರಟಾಗಿ ಹೇಳಿದ್ದರೆ ನಾನು ಜಗಳವನ್ನಾದರೂ ಆಡುತ್ತಿದ್ದೆ.

ಅವ್ವ ಕೂರುವಷ್ಟರಲ್ಲಿ ನಮ್ಮದು ಮುಗಿದಿತ್ತು. ಜಡ್ಜು ನಮ್ಮ ವಕೀಲರನ್ನು ಒಂದೆರಡು ಪ್ರಶ್ನೆ ಕೇಳಿದರು, ಇದರಲ್ಲಿ ಕಾನೂನಿನ ಪ್ರಶ್ನೆ ಎಲ್ಲಿದೆ ಎಂದರು. ಸಾಕ್ಷ್ಯವನ್ನು ಮತ್ತೆ ತೂಗುವುದು ಈ ನ್ಯಾಯಾಲಯದ ಕೆಲಸವಲ್ಲ ಎಂದು ಹೇಳಿ ಆದೇಶ ಬರೆಸಿದರು. ವಜಾ. ಮುಂದಿನ ಸಂಖ್ಯೆ ಕೂಗಿದರು.

ವರಾಂಡದಲ್ಲಿ ಅವ್ವ ಕಂಬಕ್ಕೆ ಒರಗಿ ನಿಂತಳು. "ಅವ್ರು ಏನು ಕೇಳಿದ್ರು?"

"ಕಾನೂನು ಕೇಳಿದರು."

"ನನ್ನ ವಿಷ್ಯ?"

"ಅದು ಇಲ್ಲಿ ಬರಲ್ಲವ್ವ."

"ಹಂಗಾರೆ ಯಾಕೆ ಬಂದ್ವಿ?" ಎಂದಳು. ಅಳಲಿಲ್ಲ. ವಾಪಸು ರೈಲಿನಲ್ಲಿ ಶಿವಮೊಗ್ಗ ಬರುವವರೆಗೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಆಮೇಲೆ ಆ ಸೀರೆಯನ್ನು ಮತ್ತೆ ಉಡಲಿಲ್ಲ.

ದೆಹಲಿಗೆ ಹೋಗೋಣ ಎಂದದ್ದು ನಾನು. ಅವ್ವ ಬೇಡ ಎಂದಳು. "ಇಲ್ಲೇ ಕೇಳದಿದ್ದೋರು ಅಲ್ಲಿ ಕೇಳ್ತಾರಾ? ಸಾಕು ಬಿಡು." ನನಗೆ ಸಾಕಾಗಿರಲಿಲ್ಲ. ಆ ಅನೌರಸ ಎಂಬ ಪದ ನನ್ನೊಳಗೆ ಮುಳ್ಳಿನಂತೆ ಮುರಿದು ಕೂತಿತ್ತು. ಅಲ್ಲಿಗೆ ಅಪೀಲು ಹೋಗುವ ಹಕ್ಕೇ ನಮಗಿಲ್ಲ, ಕೇಳಲು ವಿಶೇಷ ಅನುಮತಿ ಕೊಡಿ ಎಂದು ಮೊದಲು ಬೇಡಿಕೊಳ್ಳಬೇಕು, ಕೊಟ್ಟರೆ ಮಾತ್ರ ಅಪೀಲು ಎಂದು ವಕೀಲರು ಎಚ್ಚರಿಸಿದ್ದರು. ಬೇಡಿಕೊಳ್ಳೋಣ ಎಂದೆ. ಅವ್ವ ಹೆಬ್ಬೆಟ್ಟು ಒತ್ತಿಕೊಟ್ಟಳು, ಏನೆಂದು ಕೇಳಲಿಲ್ಲ.

ದೆಹಲಿಯಲ್ಲಿ ನಮ್ಮ ಅರ್ಜಿ ವಿಚಾರಣೆಗೆ ಬಂದ ಹೊತ್ತಿಗೆ ಶಾಲೆಯಲ್ಲಿ ನನಗೆ ಬಿಡುವಿನ ಅವಧಿಯಿತ್ತು. ಕಲಾಪ ನೋಡಲು ವಕೀಲರು ಮೊಬೈಲಿಗೆ ಲಿಂಕು ಕಳಿಸಿದ್ದರು. ಪ್ರಯೋಗಾಲಯದ ಖಾಲಿ ಕೋಣೆಯಲ್ಲಿ ಕೂತು ತೆರೆದೆ. ಪರದೆಯಲ್ಲಿ ಪುಟ್ಟ ಪುಟ್ಟ ಚೌಕಗಳು, ದೂರದಲ್ಲಿ ಎತ್ತರದ ಪೀಠ, ಕಾಗದ ತಿರುವುವ ಸದ್ದು. ನಮ್ಮ ಸಂಖ್ಯೆ ಪಕ್ಕದಲ್ಲಿ ಹೊಳೆಯಿತು. ನಮ್ಮ ವಕೀಲರು ಬಾಯಿ ತೆರೆದರು. ಅದೇ ಹೊತ್ತಿಗೆ ನೆಟ್‌ವರ್ಕು ತಡವರಿಸಿತು. ಚಿತ್ರ ನಿಂತು ಮತ್ತೆ ಚಲಿಸಿದಾಗ ಪಕ್ಕದಲ್ಲಿ ಬೇರೆ ಸಂಖ್ಯೆ ಹೊಳೆಯುತ್ತಿತ್ತು. ನನ್ನ ಅವ್ವನ ಇಡೀ ಬಾಳು ಆ ತಡವರಿಕೆಯೊಳಗೆ ಹಾದುಹೋಗಿತ್ತು. ಸ್ವಲ್ಪ ಹೊತ್ತಿಗೆ ವಕೀಲರ ಸಂದೇಶ ಬಂತು, ವಜಾ ಎಂದು. ಗಂಟೆ ಹೊಡೆಯಿತು. ಮುಂದಿನ ಅವಧಿ ನನ್ನದಿತ್ತು, ಹೋದೆ. ಏನು ಪಾಠ ಮಾಡಿದೆನೆಂದು ನೆನಪಿಲ್ಲ.

ಸಂಜೆ ಅವ್ವನಿಗೆ ಹೇಳಿದಾಗ ಅವಳು ಹುರುಳಿ ಆರಿಸುತ್ತಿದ್ದಳು. "ಆಯ್ತಾ ಮುಗೀತಾ?" ಎಂದಳು. "ಇನ್ನು ಮೇಲೆ ಯಾರೂ ಇಲ್ವಲ್ಲ?"

"ಇಲ್ಲ."

"ಒಳ್ಳೇದಾಯ್ತು."

ಹೊಲ ಚಿಕ್ಕಪ್ಪನ ಹೆಸರಿಗಾಯಿತು. ಆ ಬೇಸಿಗೆಯಲ್ಲಿ ಅವನು ಸೊರಬದ ನಮ್ಮ ಮನೆಗೆ ಬಂದ. ಹಿರಿಯ ಮಗನ ಮದುವೆ ಎಂದು ಲಗ್ನಪತ್ರಿಕೆ ತಂದಿದ್ದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವನು, ಎಷ್ಟೋ ವರ್ಷಗಳ ರೂಢಿಯ ಹಾಗೆ, "ಅತ್ತಿಗೆ, ಹುಷಾರಿದೀರಾ?" ಎಂದ.

ಅವನಿಗೆ ತಾನು ಏನು ಅಂದೆನೆಂಬುದು ಗೊತ್ತಾಗಲಿಲ್ಲ ಎಂದೇ ನನ್ನ ನಂಬಿಕೆ. ಅವ್ವ ನೀರಿನ ಚೊಂಬು ತಂದು ಅವನ ಮುಂದಿಟ್ಟಳು.

"ಆ ಮಾತು ಇನ್ನು ಆಡಬ್ಯಾಡ" ಎಂದಳು. "ಡೆಲ್ಲಿ ತಂಕನೂ ಅಲ್ಲ ಅನ್ನಿಸ್ಕಂಡಿದೀಯ. ನಾನು ಯಾರ ಅತ್ತಿಗೆನೂ ಅಲ್ಲ."

ಚಿಕ್ಕಪ್ಪ ಚೊಂಬಿನತ್ತ ಕೈ ಚಾಚಿದವನು ಅಲ್ಲೇ ನಿಲ್ಲಿಸಿದ. "ಕೋರ್ಟಿಂದು ಬ್ಯಾರೆ... ಮನೇದು ಬ್ಯಾರೆ..." ಎಂದು ಏನೋ ಹೇಳಲು ಹೋದ.

"ಮನೇದನ್ನೇ ಅಲ್ವಾ ನೀನು ಕೋರ್ಟಿಗೆ ಒಯ್ದಿದ್ದು? ನೀರು ಕುಡಿದು ಹೋಗು. ಬಿಸಿಲೈತೆ."

ಅವನು ನೀರು ಕುಡಿಯಲಿಲ್ಲ. ಪತ್ರಿಕೆಯನ್ನು ಕುರ್ಚಿಯ ಮೇಲಿಟ್ಟು ಹೋದ.

ಅವ್ವ ಮದುವೆಗೆ ಹೋಗಲಿಲ್ಲ. ನನ್ನನ್ನು ಮಾತ್ರ ಹೋಗು ಎಂದು ಹಟ ಹಿಡಿದು ಕಳಿಸಿದಳು. ಆ ಹುಡುಗನನ್ನು ಎತ್ತಿ ಆಡಿಸಿದವಳು ನೀನು, ಅವನೇನು ಮಾಡಿದ್ದಾನೆ ಎಂದಳು. ಶಿಕಾರಿಪುರದ ಕಲ್ಯಾಣ ಮಂಟಪದಲ್ಲಿ ಅಕ್ಷತೆ ಹಾಕಲು ವೇದಿಕೆ ಹತ್ತಿದೆ. ಚಿಕ್ಕಪ್ಪ ಬೀಗರ ಪಕ್ಕ ನಿಂತಿದ್ದ. ನನ್ನನ್ನು ಕಂಡು ಒಂದು ಕ್ಷಣ ತಡೆದು ಬೀಗರಿಗೆ ಪರಿಚಯಿಸಿದ. "ಇವರು ನಮ್ಮ ಕಡೇರು. ಸೊರಬದಾಗೆ ಟೀಚರ್ರು."

ಬೀಗರು ಕೈ ಮುಗಿದರು. ನಾನೂ ಮುಗಿದೆ. ಅಣ್ಣನ ಮಗಳು ಎನ್ನಲು ಅವನಿಗೆ ಬಾಯಿ ಬರಲಿಲ್ಲವೋ, ಬೇಕೆಂದೇ ಅನ್ನಲಿಲ್ಲವೋ ನನಗೆ ತಿಳಿಯದು. ತಿಳಿದುಕೊಳ್ಳಬೇಕೆಂದು ಅನ್ನಿಸಲೂ ಇಲ್ಲ. ಕೆಳಗಿಳಿದು ಊಟದ ಸಾಲಿನಲ್ಲಿ ಗುರುತಿಲ್ಲದವರ ನಡುವೆ ಕೂತು ಊಟ ಮಾಡಿದೆ.

ಬಸ್ಸಿಳಿದು ಮನೆಗೆ ಬಂದಾಗ ಅವ್ವ ಜಗಲಿಯಲ್ಲಿ ಕೂತಿದ್ದಳು. ಹುಡುಗಿ ಹೇಗಿದ್ದಾಳೆ, ಎತ್ತರ ಸರಿಯಾಗುತ್ತದೋ ಎಂದು ಕೇಳಿದಳು. ಹೇಳಿದೆ. ಊಟಕ್ಕೆ ಏನು ಮಾಡಿಸಿದ್ದರು ಎಂದಳು. ಹೋಳಿಗೆ ಎಂದೆ. ತುಪ್ಪ ಬಡಿಸಿದರೋ ಎಂದಳು. ಬಡಿಸಿದರು ಎಂದೆ. ನನ್ನನ್ನು ಯಾರೆಂದು ಹೇಳಿದರು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳು ಎದ್ದು ಒಲೆ ಹೊತ್ತಿಸಲು ಒಳಗೆ ಹೋದಳು.